ಗುಂಡು ಎತ್ತಿದ ಹುಡುಗ

1957ರ ಕಾರಹುಣ್ಣಿಮೆಯ ಮರುದಿನ, ಜಕ್ಕಲಿ ಕಡೆಯ ಹಳ್ಳಿಯೊಂದರ ಹದಿನೇಳು ವರ್ಷದ ಶಿವಪ್ಪ, ರೋಣದಿಂದ ಗದಗಿಗೆ ಹೋಗುವ ಹಾದಿಯಲ್ಲಿ, ವ್ಯಾಪಾರಿಯೊಬ್ಬರ ಲಾರಿಯೊಳಗೆ ತೀರಿಕೊಂಡ. ನಾನಾಗ ರೋಣದಲ್ಲಿ ವೈದ್ಯನಾಗಿದ್ದೆ.

ಅವನನ್ನು ಮೊದಲು ನೋಡಿದ್ದು ಅದೇ ಬೇಸಿಗೆಯಲ್ಲಿ. ರೋಗಿಗಳೆಲ್ಲ ಹೋಗುವವರೆಗೆ ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದು, ಆಮೇಲೆ ಒಳಗೆ ಬಂದು ಬಾಗಿಲು ಹಾಕಿದ. ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮಲಗಿಸಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಅದು ಹರ್ನಿಯಾ: ಹೊಟ್ಟೆಯ ಗೋಡೆ ಸಡಿಲಾದ ಕಡೆ ಕರುಳು ಹೊರಗೆ ಇಳಿಯುತ್ತದೆ. ಆಪರೇಷನ್ ಮಾಡಿದರೆ ವಾಸಿಯಾಗುತ್ತದೆ. ಇಳಿದ ಕರುಳು ಸಿಕ್ಕಿಕೊಂಡು ರಕ್ತ ನಿಂತರೆ ಕೆಲವೇ ತಾಸುಗಳಲ್ಲಿ ಕೊಳೆಯತೊಡಗುತ್ತದೆ. ಆಪರೇಷನ್ನಿಗೆ ಗದಗಿಗೆ ಹೋಗಬೇಕು, ಅಲ್ಲಿಯವರೆಗೆ ಭಾರ ಎತ್ತಕೂಡದು ಎಂದೆ. ನೋವು ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ "ನೋವಿಲ್ರಿ" ಎಂದ. ಒತ್ತಿದಾಗ ಕಣ್ಣಲ್ಲಿ ನೀರು ಬಂದಿತ್ತು.

ಶಿವಪ್ಪನ ಊರಲ್ಲಿ ಕಾರಹುಣ್ಣಿಮೆಯಂದು ಮೀಸೆ ಮೂಡಿದ ಹುಡುಗರು ಚಾವಡಿಯ ಮುಂದಿನ ಗುಂಡುಕಲ್ಲನ್ನು ಎದೆಮಟ್ಟ ಎತ್ತಬೇಕು. ಎತ್ತಲಾರದವನಿಗೆ ತಟ್ಟೆಯಲ್ಲಿ ಹಸಿರು ಬಳೆ ಇಟ್ಟು ಕೊಡುತ್ತಾರೆ. ಮುಂದೆ ವರ್ಷವಿಡೀ ಅವನನ್ನು ಅಕ್ಕ ಎಂದು ಕರೆಯುತ್ತಾರೆ.

ಅವನ ತಂದೆ ನಿಂಗಪ್ಪನನ್ನು ಕರೆಸಿ ಎಲ್ಲ ವಿವರಿಸಿದೆ. ಆತ ನನ್ನ ಮಾತನ್ನು ಅಲ್ಲಗಳೆಯಲಿಲ್ಲ. ಮಗನಿಗೆ ಹೆಣ್ಣು ಗೊತ್ತಾಗಿದೆ, ಹುಣ್ಣಿಮೆಗೆ ಬೀಗರು ಬರುತ್ತಾರೆ, ಹಬ್ಬ ಮುಗಿದ ಕೂಡಲೇ ಗದಗಿಗೆ ಕರೆದೊಯ್ಯುತ್ತೇನೆ ಎಂದ. ಈ ವರ್ಷ ಕಲ್ಲು ಬಿಡಲಿ ಎಂದೆ.

"ಬೀಗರ ಮುಂದ ಮಗ ಬಳಿ ಹಿಡಕೊಂಡ ನಿಂತರ ನಾ ಮಾರಿ ಹ್ಯಾಂಗ ತೋರಿಸಲಿರಿ ಸಾಹೇಬ್ರ? ಗಂಡಸು ಅದಾನ. ಒಂದ ಕಲ್ಲಿನ ನೋವು ತಡಕೊಳ್ಳಾಕ ಆಗೂದಿಲ್ಲೇನ್ರಿ?"

ಮುಂದಿನದನ್ನು ಹುಡುಗನ ಸೋದರಮಾವ ನನಗೆ ಹೇಳಿದ. ಮೊದಲ ಸಲ ಕಲ್ಲು ಮೊಣಕಾಲಿನಿಂದ ಜಾರಿತು. ಗುಂಪಿನಲ್ಲಿ ಒಬ್ಬ, "ಶಿವಕ್ಕಾ, ಕೈ ಮುಂದ ಮಾಡವಾ, ಅಳತಿ ನೋಡ್ತೀನಿ" ಎಂದ. ಎಲ್ಲರೂ ನಕ್ಕರು, ನಿಂಗಪ್ಪನೂ ನಕ್ಕ. ಎರಡನೆಯ ಸಲ ಕಲ್ಲು ಎದೆಮಟ್ಟ ಬಂತು. ಬೀಗರು ಅವನಿಗೆ ರುಮಾಲು ಸುತ್ತಿದರು. ಹುಡುಗ ಯಾರ ಆಸರೆಯೂ ಇಲ್ಲದೆ ಮನೆಗೆ ನಡೆದು ಹೋದ.

ಸಂಜೆಯಿಂದ ವಾಂತಿ ಶುರುವಾಯಿತು. ತಾಯಿ ಗಂಗವ್ವ ಎಲ್ಲಿ ನೋವು ಎಂದು ಕೇಳಿದರೆ ಏನೂ ಇಲ್ಲವೆಂದ. ಪ್ರಾಯದ ಮಗನ ಧೋತರ ಸರಿಸಿ ನೋಡುವುದು ತಾಯಿಗೆ ಆಗದ ಮಾತು. ಗಂಡನಿಗೆ ಹೇಳಿದಳು. ಹೋಳಿಗೆ ಹೆಚ್ಚಾಗಿದೆ ಎಂದು ಆತ ಮಲಗಿದ. ಮರುದಿನ ಮಧ್ಯಾಹ್ನ ಹೊಟ್ಟೆ ಉಬ್ಬಿದ ಮೇಲೆ ಚಕ್ಕಡಿ ಹೂಡಿದರು. ನಾನು ನೋಡುವಾಗ ಗಂಟಿನ ಮೇಲಿನ ಚರ್ಮ ಕಪ್ಪಾಗಿತ್ತು. ನೋವಿಗೆ ಇಂಜೆಕ್ಷನ್ ಕೊಟ್ಟು, ಪೇಟೆಯಲ್ಲಿದ್ದ ಲಾರಿ ಹಿಡಿದು ಅವನ ತಂದೆತಾಯಿಯ ಜೊತೆಗೆ ನಾನೂ ಹತ್ತಿದೆ. ಗದಗ ಮುಟ್ಟುವ ಮೊದಲೇ ನಾಡಿ ನಿಂತಿತು.

ಲಾರಿ ತಿರುಗಿಸಿದೆವು. ನಿಂಗಪ್ಪ, "ಎತ್ತಿ ಸತ್ತಾನ್ರಿ. ಎತ್ತಲಾರದ ಸತ್ತಿಲ್ಲ" ಎಂದ.

ಗಂಗವ್ವ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಗಂಡನ ಕಡೆ ನೋಡದೆ ನನಗೆ ಹೇಳಿದಳು: "ಬಳಿ ಹಾಕ್ಕೊಂಡರ ಬದುಕಿರ್ತಿದ್ದ. ನಾ ಎಲ್ಲಾ ದಿನ ಹಾಕ್ಕೊಂಡ ಬದುಕೀನಲ್ರಿ."

ಅಂದಿನಿಂದ "ನೋವಿಲ್ರಿ" ಎನ್ನುವ ಹುಡುಗರನ್ನು ನಾನು ಇನ್ನೊಮ್ಮೆ ಪರೀಕ್ಷಿಸದೆ ಕಳಿಸಿದ್ದಿಲ್ಲ. ಹರ್ನಿಯಾ ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಬರುವುದುಂಟು. ಶಿವಪ್ಪನ ತಮ್ಮ ಬಸಪ್ಪನನ್ನು ಒಮ್ಮೆ ಕರೆತನ್ನಿ ಎಂದು ಹಲವು ಸಲ ಹೇಳಿಕಳಿಸಿದೆ. ಯಾರೂ ಬರಲಿಲ್ಲ. 1959ರಲ್ಲಿ ನನಗೆ ವರ್ಗವಾಯಿತು. ಆ ವರ್ಷದ ಕಾರಹುಣ್ಣಿಮೆಯಂದು ಬಸಪ್ಪ ಅದೇ ಕಲ್ಲನ್ನು ಮೊದಲ ಸಲಕ್ಕೇ ಎದೆಮಟ್ಟ ಎತ್ತಿದನೆಂದು ಸೋದರಮಾವ ತಿಳಿಸಿದ.