ಹುಳ ಗೂಡು ಕಟ್ಟುವ ತನಕ

ನಮ್ಮ ಶಿಡ್ಲಘಟ್ಟದ ಮನೆಯಲ್ಲಿ ರೇಷ್ಮೆಹುಳ ಸಾಕುವ ಕೈ ಎಂದರೆ ದೊಡ್ಡಮ್ಮನದೇ. ದೊಡ್ಡಪ್ಪ ತೀರಿಕೊಂಡ ಮೇಲಂತೂ ಹುಳದ ಕೋಣೆಯೊಳಗೆ ಕಾಲಿಡಲು ಬೇರೆ ಯಾರಿಗೂ ಅಪ್ಪಣೆ ಇರಲಿಲ್ಲ. ತವರಿನ ಕಡೆ ಆಕೆಗೆ ಉಳಿದವನು ಒಬ್ಬನೇ ತಮ್ಮ. ಕೈವಾರದಲ್ಲಿ ತಾಯಿ ಸತ್ತಾಗ ತೊಟ್ಟಿಲಲ್ಲಿದ್ದವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಈಕೆ. ಅರವತ್ತರ ದಶಕದಲ್ಲಿ ಅವನು ಅಮೆರಿಕದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ಎದೆಯಲ್ಲಿ ಏನೋ ಕೆಟ್ಟಿದೆ, ಆಪರೇಷನ್ ಆಗಲೇಬೇಕು ಅಂದಿದ್ದರಂತೆ ಅಲ್ಲಿನ ಡಾಕ್ಟರು. ಅಕ್ಕನ ಮುಖ ನೋಡದೆ ಮಾಡಿಸಿಕೊಳ್ಳುವುದಿಲ್ಲ ಎಂದು ಇವನ ಹಟ. ವಿಮಾನದ ಟಿಕೆಟ್ಟನ್ನೂ ಕಳಿಸಿದ.

ಆಕೆಯನ್ನು ಮದರಾಸಿಗೆ ಕರೆದುಕೊಂಡು ಹೋಗಿ ವೀಸಾ ಮಾಡಿಸಿ ತಂದವರು ನಮ್ಮಪ್ಪ. ಜೂನ್ ತಿಂಗಳು. ಜಗಲಿಯ ಮೇಲೆ ಕೂತು, ಕನ್ನಡಕ ಏರಿಸಿ, ವೀಸಾದ ಗಡುವನ್ನು ಎಲ್ಲರಿಗೂ ಕೇಳುವಂತೆ ಓದಿದರು.

"ಏಳು, ಎಂಟು. ಆಗಸ್ಟ್ ಏಳನೇ ತಾರೀಖಿನೊಳಗೆ ಅಲ್ಲಿ ಇಳಿದ್ರಾಯ್ತು ಅತ್ಗೆಮ್ಮ. ನಾಳೇನೇ ಹೊರಡ್ತೀರಾ?"

"ನಾಳೆ ಹೆಂಗಪ್ಪ ಹೋಗೋದು? ಹುಳ ಎರಡನೇ ಜ್ವರಕ್ಕೆ ಕೂತವೆ. ನೀನು ಸೊಪ್ಪು ಹಾಕ್ತೀಯಾ?"

"ನಾನು ಹಾಕಿದ್ರೆ ತಿನ್ನಲ್ವಾ?"

"ತಿಂತಾವೆ. ತಿಂದು ಸಾಯ್ತಾವೆ."

ಎಲ್ಲರೂ ನಕ್ಕೆವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ ಕಳೆದು, ಹಣ್ಣಾಗಿ, ಬಿದಿರಿನ ಚಂದ್ರಿಕೆಯಲ್ಲಿ ಗೂಡು ಕಟ್ಟುವ ತನಕ ಅವನ್ನು ಬಿಟ್ಟು ಕದಲುವ ಹಾಗಿಲ್ಲ. ಆಗಸ್ಟ್ ಇನ್ನೂ ದೂರವಿತ್ತು.

ಗೂಡು ಮಾರಿದ ಮಾರನೆಯ ದಿನವೇ ಹೊರಟೆವು. ಆಗಲೇ ಜುಲೈ ಅರ್ಧ ಕಳೆದಿತ್ತು. ಬೊಂಬಾಯಿಯಲ್ಲಿ ವಿಮಾನ ಹತ್ತಿಸಿ ಬರಲು ಅಪ್ಪನ ಜೊತೆ ನಾನೂ ಇದ್ದೆ. ಗೌರಿಬಿದನೂರಿನಲ್ಲಿ ರೈಲು ಹತ್ತಿದಾಗಿನಿಂದ ದೊಡ್ಡಮ್ಮನ ಮಡಿಲಲ್ಲಿ ಒಂದು ಡಬ್ಬಿ: ತಮ್ಮ ಕೇಳಿದ್ದ ಹುಚ್ಚೆಳ್ಳು ಪುಡಿ. ಗುಂತಕಲ್ಲಿನಲ್ಲಿ ಗಾಡಿ ಬದಲಾಯಿಸುವಾಗಲೂ ಕೂಲಿಯವನ ಕೈಗೆ ಅದನ್ನು ಕೊಡಲಿಲ್ಲ.

ವಿಮಾನ ನಿಲ್ದಾಣದ ಗುಮಾಸ್ತ ಪಾಸ್‌ಪೋರ್ಟ್ ತಿರುವಿ, ವೀಸಾ ಮುಗಿದುಹೋಗಿದೆಯಲ್ಲ ಎಂದ. ಅಪ್ಪ ಬೆರಳಿಟ್ಟು ತೋರಿಸಿ ವಾದ ಮಾಡಿದರು. ಆ ದೇಶದವರು ತಿಂಗಳನ್ನು ಮೊದಲು ಬರೆದು ತಾರೀಖನ್ನು ಆಮೇಲೆ ಬರೆಯುತ್ತಾರೆಂದು ಅವನು ಮೆಲ್ಲಗೆ ತಿಳಿಸಿ ಹೇಳಿದ. ಏಳನೇ ತಿಂಗಳ ಎಂಟು. ಗಡುವು ಜುಲೈ ಎಂಟಕ್ಕೇ ತೀರಿತ್ತು. ಆ ಹೊತ್ತಿಗೆ ದೊಡ್ಡಮ್ಮ ಮನೆಯಲ್ಲಿ ಹಣ್ಣುಹುಳ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಳು.

"ಏನಂತಪ್ಪ? ಒಳಕ್ಕೆ ಹೋಗಣ್ವಾ?" ಎಂದಳು. ಅಪ್ಪ ಇನ್ನೂ ಆ ತಾರೀಖಿನ ಮೇಲೇ ಬೆರಳಾಡಿಸುತ್ತಿದ್ದರು. ನಾನೇ ಹೇಳಿದೆ. ಆಕೆ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ನೋಡಿದಳು, ಅಷ್ಟೇ.

ಹೊಸ ವೀಸಾಕ್ಕೆ ಅರ್ಜಿ ಹಾಕಿದೆವು. ಅಲ್ಲಿ ಡಾಕ್ಟರು ಇನ್ನು ಕಾಯಲಾಗದು ಅಂದರಂತೆ. ವೀಸಾಕ್ಕಿಂತ ಮುಂಚೆ ತಂತಿ ಬಂತು. ಆಪರೇಷನ್ ಮೇಜಿನ ಮೇಲೇ ತಮ್ಮ ಹೋಗಿಬಿಟ್ಟಿದ್ದ.

ಸೂತಕ ಕಳೆದ ದಿನ ದೊಡ್ಡಮ್ಮ ಆ ಡಬ್ಬಿ ತೆಗೆದಳು. ಮೊದಲು ಬಡಿಸಿದ್ದು ಅಪ್ಪನಿಗೆ.

"ಬೇಡಿ ಅತ್ಗೆಮ್ಮ."

"ಇಟ್ರೆ ಕಮಟು ವಾಸನೆ ಬರುತ್ತೆ. ತಿನ್ನು."

"ನಾನು ಸರಿಯಾಗಿ ಓದಿದ್ದಿದ್ರೆ…"

"ಹುಳ ಬಿಟ್ಟು ಬರಲ್ಲ ಅಂದೋಳು ನಾನು ಕಣಪ್ಪ. ತಿನ್ನು."

ಅಪ್ಪ ತಲೆ ಎತ್ತದೆ ಮುದ್ದೆ ಮುರಿದರು. ಅವರು ತಿಂದು ಮುಗಿಸುವವರೆಗೆ ಆಕೆ ಡಬ್ಬಿ ಹಿಡಿದುಕೊಂಡು ಎದುರಿಗೇ ನಿಂತಿದ್ದಳು.