ಕಾರ್ಡಿನದೇ ತೊಂದರೆ ಅಂದಿದ್ದೆ

ಹೋದ ಶನಿವಾರ ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿರುವ ನಮ್ಮ ಮನೆಯ ಗರಾಜ್ ಗುಡಿಸುತ್ತಿದ್ದೆ. ಕೌನ್ಸಿಲ್‌ನವರು ಹಳೇ ಸಾಮಾನು ಎತ್ತಿಕೊಂಡು ಹೋಗುವ ವಾರ. ಮೂಲೆಯ ರಟ್ಟಿನ ಡಬ್ಬದಲ್ಲಿ, ಪೇಪರಿನಲ್ಲಿ ಸುತ್ತಿಟ್ಟಿದ್ದ ಒಂದು ಗ್ರಾಫಿಕ್ಸ್ ಕಾರ್ಡ್, ಕಂಪ್ಯೂಟರ್ ಪರದೆಗೆ ಚಿತ್ರ ಬಿಡಿಸಿಕೊಡುವಂಥದ್ದು, ಸಿಕ್ಕಿತು. ಗೇಣುದ್ದದ್ದು, ಫ್ಯಾನಿನ ತುಂಬ ಧೂಳು. ಮೂಗಿನ ಹತ್ತಿರ ಹಿಡಿದರೆ ಕಾದು ಆರಿದ ಧೂಳಿನ ವಾಸನೆ ಇನ್ನೂ ಇತ್ತು... ಅಲ್ಲೇ ಪೇಂಟ್ ಡಬ್ಬದ ಮೇಲೆ ಕೂತುಬಿಟ್ಟೆ. ಹೆಂಡತಿ ಒಳಗಿಂದ ಏನಾಯ್ತು ಅಂತ ಕೇಳಿದಳು. ಏನಿಲ್ಲ ಅಂದೆ.

ಅದು ಅಂಕಲ್ ಕಳಿಸಿದ ಕಾರ್ಡು. ಅಂಕಲ್ ಅಂದರೆ ನೆಂಟರೇನಲ್ಲ. 2007ರ ಸುಮಾರಿಗೆ ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ನಾನು ಪ್ರೋಗ್ರಾಂ ಬರೆಯುವವನು, ಅವರು ಅದನ್ನು ಟೆಸ್ಟ್ ಮಾಡಿ ತಪ್ಪು ಹುಡುಕುವವರು. ಹುಬ್ಬಳ್ಳಿಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆಫೀಸಿನಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದರು, ನನಗೆ ಬಾಯಿ ಬರಲಿಲ್ಲ. ಅವರು ನನ್ನನ್ನು ತಮ್ಮಾ ಅನ್ನುತ್ತಿದ್ದರು.

ಅವರ ಬಗ್ ರಿಪೋರ್ಟ್ ನೋಡಬೇಕಿತ್ತು ನೀವು. ಯಾವ ಬಟನ್, ಎಷ್ಟನೇ ಸಲ ಒತ್ತಿದಾಗ, ಎಷ್ಟು ಸೆಕೆಂಡಿಗೆ, ಆಗ ಪಕ್ಕದಲ್ಲಿ ಇನ್ನೇನು ತೆರೆದಿತ್ತು, ಒಂದೂ ಬಿಡುತ್ತಿರಲಿಲ್ಲ. ಓದಿ ಮುಗಿಸುವಷ್ಟರಲ್ಲಿ ನನಗೆ ಆಕಳಿಕೆ. ನಮ್ಮಂಥ ಪ್ರೋಗ್ರಾಮರ್‌ಗಳಿಗೆ ಒಂದು ಕೆಟ್ಟ ಚಾಳಿ ಇತ್ತು. ಟೆಸ್ಟರ್ ಏನೇ ತಂದರೂ ‘ನೋನ್ ಇಷ್ಯೂ’, ಅಂದರೆ ಮೊದಲೇ ಗೊತ್ತಿರೋ ತೊಂದರೆ, ಅಂತ ಬರೆದು ಮುಚ್ಚಿಹಾಕೋದು. ನಾನಂತೂ ಅದರಲ್ಲಿ ಪಂಟ.

ಅಂಕಲ್‌ಗೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಹುಚ್ಚು. ಐವತ್ತರ ಹತ್ತಿರ ಬಂದ ಮನುಷ್ಯ, ಪ್ಲಾಸ್ಟಿಕ್ ಸ್ಟೀರಿಂಗ್ ಹಿಡಿದು ಕೂತು ಬಾಯಲ್ಲೇ ಗೇರ್ ಬದಲಿಸುತ್ತಿದ್ದರು. ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ವೆರಿಬೀಯಲ್ಲಿ ಮನೆ ತಗೊಂಡ ಮೇಲೆ, ಹೊಸ ಮಷೀನ್ ಕಟ್ಟಿಸಬೇಕು ಅಂತ ನನಗೆ ಫೋನ್ ಮಾಡಿದರು. ಒಂದೇ ಬಲವಾದ ಕಾರ್ಡ್ ಹಾಕೋದಾ, ಸಾಧಾರಣದ್ದು ಎರಡು ಜೋಡಿಸೋದಾ? ಆಗ ಆಟದ ಹುಚ್ಚಿನವರ ನಡುವೆ ಅದೇ ಜಗಳ. ನಾನು ಒಂದು ಅಂದೆ. ಅವರು ಎರಡು ಅಂದರು.

“ಒಂದ ಎತ್ತಿಲೆ ಹೊಲ ಹೊಡಿಯಾಕ ಆಗತೈತೇನು ತಮ್ಮಾ? ಜೋಡಿನ ಬೇಕು.”

ಆ ಜೋಡಿ ಒಂದೇ ಹೆಜ್ಜೆ ಹಾಕಲ್ಲ ಅಂಕಲ್ ಅಂದೆ. ಒಂದು ಚಿತ್ರ ಈ ಕಾರ್ಡ್ ಬಿಡಿಸುತ್ತೆ, ಮುಂದಿನದು ಆ ಕಾರ್ಡ್ ಬಿಡಿಸುತ್ತೆ, ನಡುವೆ ತಾಳ ತಪ್ಪಿ ಚಿತ್ರ ತಡವರಿಸಿದ ಹಾಗೆ ಕಾಣುತ್ತೆ ಅಂತ ಅರ್ಧ ಗಂಟೆ ಪಾಠ ಮಾಡಿದೆ. ಕೇಳಿದರಾ? ಎರಡೇ ಹಾಕಿಸಿದರು. ನಿಜ ಹೇಳಬೇಕಂದರೆ ನನಗೆ ಸಿಟ್ಟು ಬಂತು. ಮಾತು ಕೇಳದ ಮೇಲೆ ಫೋನ್ ಯಾಕೆ ಮಾಡಬೇಕಿತ್ತು ಅಂತ.

ಐದಾರು ತಿಂಗಳ ಮೇಲೆ ಮತ್ತೆ ಫೋನು. ಆಟದಲ್ಲಿ ರಸ್ತೆ ಜಿಗಿಯುತ್ತಿದೆಯಂತೆ. ತಿರುವಿನ ಈಚೆ ಇದ್ದ ಕಾರು, ತಿರುವು ಕಣ್ಣಿಗೇ ಬೀಳದೆ, ಆಚೆ ಗೋಡೆಗೆ ಗುದ್ದಿ ನಿಂತಿರುತ್ತಂತೆ. ನನಗಾದ ಖುಷಿ ಹೇಳಬಾರದು. ನಾನು ಬಡಕೊಂಡಿರಲಿಲ್ವಾ, ಇದು ಊರಿಗೆಲ್ಲ ಗೊತ್ತಿರೋ ತೊಂದರೆ, ಜೋಡಿ ಕಾರ್ಡಿನದೇ, ಕಿತ್ತು ಬಿಸಾಕಿ ಅಂದೆ. ಮಾರನೇ ದಿನ ಅವರದೊಂದು ಈಮೇಲ್ ಬಂತು, ಆಫೀಸಿನ ರಿಪೋರ್ಟ್‌ನಷ್ಟೇ ಉದ್ದ. ಮೊದಲ ನಾಲ್ಕು ಸಾಲು ಓದಿ, ಗೊತ್ತಿರೋದೇ ಅಂತ ಬಿಟ್ಟೆ.

ಈ ಸಲ ಅವರು ನನ್ನ ಮಾತು ಕೇಳಿದರು. ಜೋಡಿ ಬಿಚ್ಚಿಸಿ ಒಂದೇ ದೊಡ್ಡ ಕಾರ್ಡ್ ಹಾಕಿಸಿದರು. ಹಳೆಯದರಲ್ಲಿ ಒಂದನ್ನು ನನಗೆ ಪೋಸ್ಟ್ ಮಾಡಿದರು, ಜೊತೆಗೆ ‘ನೀ ಗೆದ್ದಿ’ ಅಂತ ಒಂದು ಚೀಟಿ. ಆ ಚೀಟಿಯನ್ನು ಆಫೀಸಿನಲ್ಲಿ ನಾಲ್ಕು ಜನಕ್ಕೆ ತೋರಿಸಿ ನಕ್ಕೆ. ಎಂಥಾ ಮುಠ್ಠಾಳ ನಾನು...

ಮೂರು ವಾರಕ್ಕೆ ಮತ್ತೆ ಕರೆ. ದನಿ ಸಣ್ಣದಾಗಿತ್ತು.

“ತಮ್ಮಾ, ಈಗ ಒಂದ ಕಾರ್ಡ್ ಐತಿ. ಆದ್ರೂ ಜಿಗೀತೈತಿ.”

ಆಗಲಾದರೂ ಒಂದು ನಿಮಿಷ ಯೋಚನೆ ಮಾಡಬಹುದಿತ್ತು. ನಾನು ಮೀಟಿಂಗಿಗೆ ಹೊರಟಿದ್ದೆ. ಹಳೇ ಕಾರ್ಡಿನ ಫೈಲ್‌ಗಳು ಉಳಿದಿರುತ್ತವೆ, ಎಲ್ಲಾ ಅಳಿಸಿ ಹೊಸದಾಗಿ ಹಾಕಿ ಅಂದೆ. ಹೂಂ ಅಂದರು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ, ಸರಿಹೋಗಿರಬೇಕು ಅಂದುಕೊಂಡೆ.

ಎರಡು ಮೂರು ತಿಂಗಳು ಕಳೆದು ಅಂಕಲ್ ಹೆಂಡತಿ, ಆಂಟಿ, ಫೋನ್ ಮಾಡಿದರು. ಅಂಕಲ್ ಅಡುಗೆಮನೆಯಲ್ಲಿ ಬಿದ್ದು ಕೈಕಾಲು ಸೆಟೆದುಕೊಂಡಿದ್ದರಂತೆ. ಸ್ಕ್ಯಾನ್ ಮಾಡಿದರೆ ಮೆದುಳಿನಲ್ಲಿ ಗೆಡ್ಡೆ. ಆಪರೇಷನ್ ಆಯ್ತು, ಪೂರ್ತಿ ತೆಗೆಯೋಕೆ ಆಗಲಿಲ್ಲ.

ನೋಡೋಕೆ ಮೆಲ್ಬರ್ನ್‌ಗೆ ಹೋದೆ. ತಲೆಗೆ ಉಲ್ಲನ್ ಟೋಪಿ ಹಾಕಿಕೊಂಡು ಸೋಫಾ ಮೇಲೆ ಕೂತಿದ್ದರು. ಅಲ್ಲಿನ ಚಳಿ, ಸಿಡ್ನಿಯ ಹಳೇ ಆಫೀಸು, ಏನೇನೋ ಮಾತಾಡಿದೆವು. ಮಾತಿನ ನಡುವೆ ಒಂದು ಸಲ ನನ್ನ ಮುಖವನ್ನೇ ನೋಡುತ್ತಾ ಸುಮ್ಮನಾದರು. ಕಣ್ಣು ತೆರೆದೇ ಇತ್ತು, ಕೈಯಲ್ಲಿ ಚಹಾದ ಲೋಟ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ, ಬಿಟ್ಟ ಮಾತನ್ನು ಬಿಟ್ಟ ಜಾಗದಿಂದಲೇ ಮುಂದುವರಿಸಿದರು. ನಡುವೆ ಹೊತ್ತು ಹೋಗಿದ್ದೇ ಅವರಿಗೆ ಗೊತ್ತಿಲ್ಲ. ಆಗ ಹೊಳೆಯಿತು, ಆಟದಲ್ಲಿ ಜಿಗಿಯುತ್ತಿದ್ದ ರಸ್ತೆ ಇದೇ.

ಸಿಡ್ನಿಗೆ ಬಂದವನೇ ಆ ಈಮೇಲ್ ತೆಗೆದೆ. ಓದದೆ ಬಿಟ್ಟಿದ್ದ ಸಾಲುಗಳಲ್ಲಿ ಎಲ್ಲಾ ಇತ್ತು. ಇಂಥದ್ದೇ ತಿರುವು ಅಂತಿಲ್ಲ, ಎಲ್ಲಿ ಬೇಕಾದರೂ ಆಗುತ್ತೆ. ಪ್ರತಿ ಸಲ ಸುಮಾರು ಹತ್ತು ಸೆಕೆಂಡು ಹೋಗುತ್ತೆ. ಅದಕ್ಕೆ ಮುಂಚೆ ಸುಟ್ಟ ರಬ್ಬರಿನ ವಾಸನೆ ಬರುತ್ತೆ, ಕಾರ್ಡ್ ಸುಡುತ್ತಿರಬಹುದಾ ಅಂತ ಕೇಳಿದ್ದರು. ಇಲ್ಲದ ವಾಸನೆ ಮೂಗಿಗೆ ಬರೋದೂ ಮೆದುಳಿನ ತೊಂದರೆಯದೇ ಲಕ್ಷಣ ಅಂತ ಆಮೇಲೆ ಓದಿ ತಿಳಿದೆ. ಜೋಡಿ ಕಾರ್ಡಿನ ತಡವರಿಕೆ ಕಣ್ಣು ಮಿಟುಕಿಸುವಷ್ಟೂ ಇರಲ್ಲ. ಹತ್ತು ಸೆಕೆಂಡು ಅನ್ನೋದನ್ನು ಓದಿದ್ದರೆ ಇದು ಕಾರ್ಡಿನದಲ್ಲ ಅಂತ ಆ ಕ್ಷಣವೇ ಹೊಳೆಯುತ್ತಿತ್ತು. ಆ ತಿಂಗಳುಗಳಲ್ಲಿ ಅವರು ದಿನಾ ನಿಜವಾದ ಕಾರನ್ನೂ ಓಡಿಸುತ್ತಿದ್ದರು.

ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದರಾ? ನಾನು ಯಾವ ಡಾಕ್ಟರನ್ನೂ ಕೇಳಿಲ್ಲ. ಧೈರ್ಯ ಇಲ್ಲ.

ಅಂಕಲ್ ಹೋದದ್ದು ಮರುವರ್ಷದ ಚಳಿಗಾಲದಲ್ಲಿ. ಕಾರ್ಯ ಎಲ್ಲಾ ಮುಗಿದ ದಿನ, ವೆರಿಬೀ ಮನೆಯಲ್ಲಿ ಆಂಟಿ ನನ್ನ ತಟ್ಟೆಗೆ ಬಡಿಸುತ್ತಾ ಮಾತಿಗೆ ಕೂತರು. ಸಂಜೆ ಅಂಕಲ್ ಆಡುವಾಗ ಅವರು ಪಕ್ಕದಲ್ಲೇ ಕೂತು ಬಟ್ಟೆ ಮಡಚುತ್ತಿದ್ದರಂತೆ.

“ಆಟ ನಿಂದರ್ತಿರಲಿಲ್ಲಪಾ, ಅದು ಚಲೋನ ಓಡ್ತಿತ್ತು. ಇವರ ಕೈ ನಿಂದರ್ತಿತ್ತು. ಡಾಕ್ಟರ್ ಕಡೆ ಹೋಗೂಣು ನಡೀರಿ ಅಂದೆ. ಅವ ಹೇಳ್ಯಾನಲ್ಲ, ಕಾರ್ಡಿಂದ ತೊಂದ್ರಿ ಅಂತ, ಸುಮ್ನಿರು ಅಂದ್ರು. ನಿನ್ನ ಮಾತಂದ್ರ ಅವ್ರಿಗೆ ಭಾಳ ನಂಬಿಕಿ.”

ಬೈದು ಹೇಳಿದ್ದಲ್ಲ ಅದು. ನನ್ನ ಮೇಲೆ ಅಂಕಲ್‌ಗೆ ಎಷ್ಟು ಪ್ರೀತಿ ಇತ್ತು ಅಂತ ಹೇಳೋಕೆ ಹೇಳಿದ್ದು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ, ಆಂಟಿ ಅದನ್ನು ದುಃಖ ಅಂದುಕೊಂಡು ನನ್ನ ಬೆನ್ನು ಸವರಿದರು.

ಅವರು ಈಗಲೂ ವೆರಿಬೀಯಲ್ಲೇ ಇದ್ದಾರೆ, ಒಬ್ಬರೇ. ಯುಗಾದಿಗೆ ತಪ್ಪದೆ ಫೋನ್ ಮಾಡುತ್ತಾರೆ. ಈಮೇಲ್ ವಿಷಯ ಇವತ್ತಿನವರೆಗೂ ಹೇಳಿಲ್ಲ. ಈ ಸಲ ಹೇಳಿಬಿಡಬೇಕು ಅಂತಲೇ ಪ್ರತಿ ಸಲ ಫೋನ್ ಎತ್ತುತ್ತೇನೆ. ಹೇಗಿದೀರ ಆಂಟಿ ಅಂತ ಕೇಳುತ್ತೇನೆ, ಆರಾಮ ಅದೀನಪಾ ಅನ್ನುತ್ತಾರೆ, ಇಟ್ಟುಬಿಡುತ್ತೇನೆ.