ಉಳವಿಗೆ ಹೊರಟ ಮನೆಯ ಕೊಂಡಿ

ಹಾಲಪ್ಪಣ್ಣ, ಆ ಕೊಂಡಿಯನ್ನು ಮಾಡಿದವಳು ನಾನು. ನನ್ನ ಗಂಡ ಮೌನಾಚಾರಿ ಮಾಡಿದ್ದೆಂದು ನಿಮ್ಮ ಕೈಗೆ ಕೊಟ್ಟೆ — ಅದು ಸುಳ್ಳು. ಅದು ಮುರಿದದ್ದು ನನ್ನ ಕೆಲಸ ಕೆಟ್ಟದ್ದರಿಂದ. ಮುರಿದ ತುಂಡುಗಳನ್ನು ಬಚ್ಚಿಟ್ಟು, ತಪ್ಪನ್ನು ನಿಮ್ಮ ತಲೆಗೆ ಕಟ್ಟಿದವಳೂ ನಾನೇ.

ಹತ್ತು ವರ್ಷ ಬಾಯಿ ಹೊಲಿದುಕೊಂಡಿದ್ದೆ. ಈಗ ಅಳುತ್ತಾ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ, ಅಳುವ ಜಾತಿಯವಳಲ್ಲ ನಾನು. ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಕೇಳಿ. ಇದನ್ನು ನೀವೊಬ್ಬರೇ ಕೇಳಿದರೆ ಸಾಲದು.

ದಾವಣಗೆರೆಯ ಮಂಡಿಪೇಟೆಯ ಸಾಹುಕಾರರು ತಮ್ಮ ತಾಯಿಗೆ ಉಳವಿ ತೋರಿಸಬೇಕೆಂದು ಹೊರಟರು. ಉಳವಿ ಇರುವುದು ಕಾಡಿನ ನಡುವೆ. ನಮ್ಮ ಕಡೆಯವರು ಅಲ್ಲಿಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ದಾರಿಯಲ್ಲೇ ಒಲೆ ಹೂಡಿ, ಗಾಡಿಯಲ್ಲೇ ಮಲಗಿ, ವಾರಗಟ್ಟಲೆ. ಅಜ್ಜಿಗೆ ಎಂಬತ್ತರ ಹತ್ತಿರ. ಚಕ್ಕಡಿಯ ಕುಲುಕಾಟ ಅವರ ಸೊಂಟಕ್ಕೆ ಆಗದು. ಬಸ್ಸು ಹತ್ತುವುದಿಲ್ಲ, ಹೊರಗಿನ ನೀರು ಮುಟ್ಟುವುದಿಲ್ಲ, ಲಿಂಗಪೂಜೆ ಮುಗಿಯದೆ ಬಾಯಿಗೆ ಒಂದು ಹನಿ ಹಾಕುವುದಿಲ್ಲ. ಮಗ ಎಷ್ಟು ಹೇಳಿದರೂ ಒಂದೇ ಮಾತು: "ನನ್ನ ಒಲಿ, ನನ್ನ ನೀರು ನನ್ನ ಸಂಗಡ ಬರಾಂಗಿದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಸಾಯ್ತೀನಿ, ಹೋಗು."

ಆಗ ಸಾಹುಕಾರರಿಗೆ ಹೊಳೆದದ್ದು ಆ ಚಕ್ರದ ಮನೆ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಕೊಂಡ ಮಿಲಿಟರಿ ಜೀಪು ಅವರಲ್ಲಿತ್ತು, ನಾಲ್ಕೂ ಚಕ್ರಕ್ಕೆ ಎಳೆತ ಇದ್ದದ್ದು. ಅದರ ಹಿಂದೆ ಕಟ್ಟುವುದಕ್ಕೆ ಎರಡು ಚಕ್ರದ ಮೇಲೊಂದು ತೇಗದ ಪುಟ್ಟ ಮನೆ ಮಾಡಿಸಿದರು. ಒಳಗೆ ಒಂದು ಮಂಚ, ಒಂದು ಒಲೆ, ಪೂಜೆಗೊಂದು ಗೂಡು, ನೀರಿಗೆ ತಾಮ್ರದ ಹಂಡೆ. ಸಾಹುಕಾರರು ಅದನ್ನು ಕ್ಯಾರವಾನ್ ಅಂತ ಎದೆಯುಬ್ಬಿಸಿ ಕರೆಯುತ್ತಿದ್ದರು. ಅಜ್ಜಿ ಮಾತ್ರ 'ನನ್ನ ಡಬ್ಬಿ' ಅನ್ನುತ್ತಿದ್ದರು.

ಜೀಪಿನ ಡ್ರೈವರ್ ನೀವು. ಮಿಲಿಟರಿಯಲ್ಲಿ ಓಡಿಸಿ ಬಂದವರು. ದಾವಣಗೆರೆ-ಹರಿಹರದ ನಡುವೆ ನಿಮ್ಮಷ್ಟು ನಯವಾಗಿ ಗೇರು ಬದಲಿಸುವ ಇನ್ನೊಬ್ಬರಿರಲಿಲ್ಲ. ಇದನ್ನು ಹೊಗಳಿಕೆಗಾಗಿ ಹೇಳುತ್ತಿಲ್ಲ, ಊರೇ ಹೇಳುತ್ತಿತ್ತು.

ಜೀಪನ್ನು ಮನೆ ಎಳೆಯಲು ಅಣಿ ಮಾಡುವ ಕೆಲಸ ಹರಿಹರದ ನಮ್ಮ ಕುಲುಮೆಗೆ ಬಂತು. ಹದಿನೈದು ದಿನ ನಮ್ಮ ಅಂಗಳದಲ್ಲಿ ಹಬ್ಬ. ಹಿಂದಿನ ಕಮಾನುಪಟ್ಟಿಗಳಿಗೆ ಇನ್ನೆರಡೆರಡು ಪಟ್ಟಿ ಸೇರಿಸಿದೆವು. ಚಾಸಿಯ ಹಿಂಬದಿಗೆ ಬೆರಳು ದಪ್ಪದ ಕಬ್ಬಿಣದ ಹಲಗೆ ಕೂರಿಸಿದೆವು, ಮನೆಯನ್ನು ಜೀಪಿಗೆ ಸಿಕ್ಕಿಸುವ ಕೊಂಡಿಯನ್ನು ಬಿಗಿಯುವುದು ಅದಕ್ಕೇ. ಹಿಂದಿನ ಮನೆಯ ಆಚೆಗೂ ರಸ್ತೆ ಕಾಣಲೆಂದು ಉದ್ದ ತೋಳಿನ ಕನ್ನಡಿ ಎರಡು ಪಕ್ಕಕ್ಕೆ ಬಂದವು. ಬಡಗಿ ಹಂಡೆಯನ್ನು ಮನೆಯ ಹಿಂದಿನ ಮೂಲೆಯಲ್ಲಿ ಇಟ್ಟಿದ್ದ. ನೀವು ನೋಡಿದವರೇ ಅದನ್ನು ಮುಂದಕ್ಕೆ ತೆಗೆಸಿದಿರಿ. "ಹಿಂಭಾರ ಆದ್ರೆ ಬಾಲ ಅಲ್ಲಾಡಿಸ್ತೈತೆ ಆಚಾರ್ರೆ. ಚಕ್ಕಡಿ ಇದ್ದಂಗೇ ಇದೂ. ಮುಂದಿನ ಮೂಕಿ ಮ್ಯಾಲೆ ಒಂಚೂರು ಭಾರ ಬೀಳಬೇಕು ನೋಡ್ರಿ," ಅಂದಿರಿ. ಕೆಲಸ ಬಲ್ಲವರ ಮಾತು ಎಂದು ನನಗೆ ಆವತ್ತೇ ನಿಮ್ಮ ಮೇಲೆ ಗೌರವ ಬಂತು. ಆಮೇಲೆ ಏನು ಮಾಡಿದೆ ಎನ್ನುವುದು — ಬರುತ್ತೇನೆ, ಅಲ್ಲಿಗೇ ಬರುತ್ತೇನೆ.

ಪರೀಕ್ಷೆಗೆಂದು ಹೊಳೆಯ ಉಸುಕಿನಲ್ಲಿ ಎಳೆದು ನೋಡಿದಿರಿ. ಜೀಪು ಎಳೆಯಿತು, ಮನೆ ಬಂತು, ನನ್ನ ಗಂಡ ಮಾಡಿದ್ದ ಕೊಂಡಿ ಸ್ವಲ್ಪ ಬಾಯಿಬಿಟ್ಟು ಬಾಗಿತು. ನನಗೆ ನಾಚಿಕೆಯಾಯಿತು. ಅವರು ಮಾತ್ರ ಅದನ್ನು ತಿರುಗಿಸಿ ನೋಡಿ ನಕ್ಕರು. "ಬಾಗಿದ್ದು ಕಂಡಿತಲ್ಲ, ಒಳ್ಳೇದಾತು. ಮೆತ್ತನೆ ಕಬ್ಬಿಣ ಹೇಳಿ ಹೋಗ್ತೈತೆ ಕಾಳಮ್ಮ. ಗಟ್ಟಿ ಕಬ್ಬಿಣ ಹೇಳದೇ ಹೋಗ್ತೈತೆ." ಅದೇ ಮೆತ್ತನೆಯ ಕಬ್ಬಿಣದಲ್ಲಿ ಇನ್ನೂ ದಪ್ಪನೆಯ ಕೊಂಡಿ ಮಾಡಿ ಇಟ್ಟರು. ಅಷ್ಟರಲ್ಲಿ ರಾಣೆಬೆನ್ನೂರಿನಲ್ಲಿ ಅವರ ಸೋದರಮಾವ ತೀರಿಕೊಂಡ ಸುದ್ದಿ ಬಂತು. ಶನಿವಾರ ರೈಲು ಹತ್ತಿದರು. ಭಾನುವಾರ ಅಮಾವಾಸ್ಯೆ. ಸೋಮವಾರ ಬೆಳಿಗ್ಗೆ ಅಜ್ಜಿಯ ಸವಾರಿ ಹೊರಡಬೇಕು.

ಇಲ್ಲಿ ನನ್ನ ಮಾತೊಂದಿದೆ. ಕಮ್ಮಾರರ ಮನೆಯ ಹೆಂಗಸರು ಸುತ್ತಿಗೆ ಹೊಡೆಯುವುದು ಯಾರಿಗೂ ಹೊಸದಲ್ಲ. ಗಂಡ ಇಕ್ಕಳ ಹಿಡಿದು ತೋರಿಸುತ್ತಾನೆ, ಹೆಂಡತಿ ದೊಡ್ಡ ಸುತ್ತಿಗೆ ಎತ್ತಿ ಹೊಡೆಯುತ್ತಾಳೆ. ಬಸುರಿಯಿದ್ದಾಗಲೂ ಹೊಡೆದಿದ್ದೇನೆ. ಆದರೆ ಇಕ್ಕಳ ಹಿಡಿಯುವ ಕೆಲಸ, ನೀರು ಹಾಕಿ ಹದ ಮಾಡುವ ಕೆಲಸ ಗಂಡಸಿನದು. ನಾನು ಅದನ್ನೂ ಕಲಿತೆ, ನೋಡಿ ನೋಡಿ ಕಲಿತೆ. ಹರಿಹರದ ಸಂತೆಯಲ್ಲಿ 'ಮೌನಾಚಾರಿ ಕುಡುಗೋಲು' ಅಂದರೆ ಜನ ಮುಗಿಬೀಳುತ್ತಿದ್ದರಲ್ಲ, ಅದರಲ್ಲಿ ಅರ್ಧಕ್ಕರ್ಧ ನನ್ನ ಕೈಯವು. ಹೆಸರು ಅವರದು. ಒಂದೇ ಒಂದು ದೊಡ್ಡ ಕೆಲಸ ನನ್ನದೆಂದು ಇರಲಿ, ಯಾರಿಗೂ ಗೊತ್ತಾಗದಿದ್ದರೂ ನನಗೆ ಗೊತ್ತಿರಲಿ — ಈ ಆಸೆಗೆ ನಾನು ಇವತ್ತೂ ನಾಚುವುದಿಲ್ಲ.

ಅಮಾವಾಸ್ಯೆಯ ದಿನ ನಮ್ಮವರು ಕುಲುಮೆ ಹೊತ್ತಿಸುವುದಿಲ್ಲ. ನಾನು ಹೊತ್ತಿಸಿದೆ. ಬಾಗಿಲು ಮುಂದೆಮಾಡಿಕೊಂಡು, ಒಬ್ಬಳೇ. ಅದಕ್ಕೇ ಮುರಿಯಿತು ನೋಡು, ದೇವರು ಸುಮ್ಮನೆ ಬಿಟ್ಟಾನೇ ಎಂದು ಯಾರಾದರೂ ಈಗ ತಲೆಯಾಡಿಸಿದರೆ ಅವರಿಗೆ ಹೇಳುತ್ತೇನೆ: ದೇವರನ್ನು ನಡುವೆ ತರಬೇಡಿ. ಹೆಂಗಸು ಮುಟ್ಟಿದ್ದಕ್ಕೆ ಮುರಿಯಿತು ಅನ್ನುವವರಿಗೂ ಅದೇ ಉತ್ತರ. ಕಬ್ಬಿಣಕ್ಕೆ ಗಂಡು ಹೆಣ್ಣು ತಿಳಿಯುವುದಿಲ್ಲ, ಹದವಷ್ಟೇ ತಿಳಿಯುವುದು. ನಾನು ಹದ ಕೆಡಿಸಿದೆ.

ಹೇಗೆ ಅಂದರೆ, ಲಾರಿಯ ಹಳೆಯ ಕಮಾನುಪಟ್ಟಿ ತೆಗೆದುಕೊಂಡೆ. ಕುಡುಗೋಲಿಗೆ ನಾವು ಬಳಸುವ ಉಕ್ಕು ಅದು. ಮೆತ್ತನೆಯದು ಬಾಗುತ್ತದೆ, ನಾನು ಬಾಗದ್ದನ್ನು ಮಾಡುತ್ತೇನೆ ಎಂಬ ಸೊಕ್ಕು. ಕುಡುಗೋಲಿಗಾದರೆ ಬಾಯಿಗಷ್ಟೇ ನೀರು ತೋರಿಸುತ್ತೇವೆ, ಬೆನ್ನು ಮೆತ್ತಗೇ ಇರಲಿ ಎಂದು ಬಿಡುತ್ತೇವೆ. ಬೆನ್ನಿಗೂ ನೀರು ಹಾಕಿದರೆ ಕಲ್ಲಿಗೆ ತಾಗಿದ ಕೂಡಲೇ ಎರಡು ತುಂಡು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಕೆಂಪಗೆ ಕಾದ ಇಡೀ ಕೊಂಡಿಯನ್ನು ನೀರಿನ ಬಾನಿಯಲ್ಲಿ ಮುಳುಗಿಸಿದೆ. ಇಡೀ ಕೊಂಡಿಯೇ ಕುಡುಗೋಲಿನ ಬಾಯಿಯಷ್ಟು ಗಟ್ಟಿಯಾಗಲಿ ಎಂದು. ಅರ ಹಾಕಿ ಉಜ್ಜಿದರೆ ಒಂದು ಗೀರೂ ಬೀಳಲಿಲ್ಲ. ಎಂಥ ಖುಷಿ ಆಯಿತು ನನಗೆ! ಒಬ್ಬಳೇ ನಕ್ಕೆ.

ಸಂಜೆ ನೀವು ಜೀಪು ತಂದಿರಿ. ಗಂಡ ಮಾಡಿಟ್ಟ ಕೊಂಡಿ ಗೋಣಿಚೀಲದ ಕೆಳಗಿತ್ತು. ನನ್ನದನ್ನು ಕೊಟ್ಟೆ. ನೀವು ಬೋಲ್ಟು ಬಿಗಿದು, ಪಾನಾದಿಂದ ಒಮ್ಮೆ ತಟ್ಟಿದಿರಿ. ಟಣ್ ಎಂದಿತು. ನಿಮ್ಮ ಮುಖದಲ್ಲಿ ಏನೋ ಅನುಮಾನ.

"ಆಚಾರ್ರು ಮಾಡಿದ್ದೇ ಏನವ್ವ ತಂಗಿ?"

"ಮತ್ತ್ಯಾರು ಮಾಡ್ತಾರೆ? ನಾನು ಮಾಡ್ತೀನಾ?"

"ಅಲ್ಲಲ್ಲ... ಯಾವುದಕ್ಕೂ ಇರಲಿ, ಮಗ್ಗಲಾಗ ಒಂದು ಸರಪಳಿ ಹಾಕಿಕೊಡವ್ವ. ಕೊಂಡಿ ಕೈ ಕೊಟ್ರೂ ಮನಿ ಹಿಂದಕ್ಕೆ ಹೋಗಂಗಿಲ್ಲ. ಒಳಗೆ ಅಜ್ಜಿ ಇರ್ತಾಳೆ."

ಸರಪಳಿ ಗೋಡೆಯಲ್ಲೇ ನೇತಾಡುತ್ತಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ನಾನು ಹೇಳಿದೆ: "ಮೌನಾಚಾರ್ರ ಕೊಂಡಿಗೆ ಕಾವಲು ಬ್ಯಾಡಣ್ಣ. ನಂಬಿಕೆ ಇಲ್ದಿದ್ರೆ ಬ್ಯಾರೆ ಕುಲುಮಿಗೆ ಹೋಗ್ರಿ."

ನೀವು ತಲೆ ತಗ್ಗಿಸಿ "ತಪ್ಪು ತಿಳಕಾಬ್ಯಾಡವ್ವ" ಅಂದು ಹೊರಟಿರಿ. ನನ್ನ ಗಂಡನ ಮರ್ಯಾದೆ ಉಳಿಸಲು ನೀವು ಸುಮ್ಮನಾದಿರಿ. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಸೋಮವಾರ ಬೆಳಿಗ್ಗೆ ಜೀಪು ಮತ್ತು ಮನೆ ದಾವಣಗೆರೆಯಿಂದ ಬಂದು ನಮ್ಮ ಕುಲುಮೆಯ ಮುಂದೆಯೇ ಹಾದವು. ಕಿಟಕಿಯಲ್ಲಿ ಅಜ್ಜಿ. ಜೀಪು ನಡಿಗೆಯ ವೇಗದಲ್ಲಿ ಮೆಲ್ಲಗೆ ಸಾಗುತ್ತಿತ್ತು. ನಾನು ನನ್ನ ಕೊಂಡಿ ನೋಡಲು ಹಿಂದೆಯೇ ನಡೆದೆ, ಹೊಳೆಯ ಸೇತುವೆಯವರೆಗೆ, ಅದನ್ನೂ ದಾಟಿ. ಆಚೆಯ ಏರಿನಲ್ಲಿ ಕಬ್ಬಿನ ಗಾಡಿಗಳ ಸಾಲು ಎದುರಾಯಿತು. ನೀವು ದಾರಿ ಬಿಟ್ಟು ಪಕ್ಕಕ್ಕೆ ಇಳಿದಿರಿ. ಮನೆಯ ಚಕ್ರ ಸಡಿಲು ಮಣ್ಣಿನಲ್ಲಿ ಕೂತಿತು. ನಾಲ್ಕೂ ಚಕ್ರದ ಎಳೆತ ಹಾಕಿ, ಸಣ್ಣ ಗೇರಿನಲ್ಲಿ ಎಳೆದಿರಿ. ಟಣ್. ಅಷ್ಟೇ ಸದ್ದು. ಮನೆ ಹಿಂದಕ್ಕೆ ಉರುಳಿ, ಕಾಲುವೆಗೆ ಇಳಿದು, ಮಗ್ಗುಲಾಗಿ ಬಿತ್ತು.

ಅಜ್ಜಿಯ ಬಲಗೈ ಎರಡು ಕಡೆ ಮುರಿದಿತ್ತು. ನೀವು ಅವರನ್ನು ಎತ್ತಿ ಜೀಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಿರಿ. ನಾನು? ನಾನು ಧೂಳಿನಲ್ಲಿ ಬಿದ್ದಿದ್ದ ಅರ್ಧ ಕೊಂಡಿಯನ್ನು ಹುಡುಕಿದೆ. ಮುರಿದ ಬಾಯಿ ಬೆಳ್ಳಗೆ, ಬನ್ಸಿರವೆಯಂತೆ ಹರಳು ಹರಳು. ಯಾವ ಕಮ್ಮಾರನಿಗೆ ತೋರಿಸಿದರೂ ಹೇಳುತ್ತಾನೆ, ನೀರು ಹೆಚ್ಚಾಗಿ ಸತ್ತ ಉಕ್ಕು ಇದು ಎಂದು. ಸೆರಗಿನೊಳಗೆ ಹಾಕಿಕೊಂಡೆ.

ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿ, ಜೀಪನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿ, ನೀವು ಮತ್ತೆ ಅಲ್ಲಿಗೇ ಹೋದಿರಿ. ಬೋಲ್ಟು ಬಿಚ್ಚಿ ಉಳಿದ ಬುಡವನ್ನೂ ತೆಗೆದೆ. ಆಮೇಲೆ ಮಾಡಿದ್ದು ಕೊಂಡಿ ಕೆಡಿಸಿದ್ದಕ್ಕಿಂತ ದೊಡ್ಡ ಪಾಪ. ಗೋಣಿಯ ಕೆಳಗಿದ್ದ ಗಂಡನ ಕೊಂಡಿಯನ್ನು ಕಾಯಿಸಿ, ಕತ್ತು ಎಳೆದು ಸಣ್ಣ ಮಾಡಿ, ಹರಿದೆ. ಮಣ್ಣಿನಲ್ಲಿ ಉಜ್ಜಿದೆ. ಅದರ ಬುಡವನ್ನು ಜೀಪಿಗೆ ಬಿಗಿದೆ, ಇನ್ನರ್ಧವನ್ನು ದಾರಿಯಲ್ಲಿ ಸಿಕ್ಕಿದ್ದೆಂದು ತೋರಿಸಲು ಎತ್ತಿಟ್ಟೆ. ನನ್ನದರ ತುಂಡುಗಳಲ್ಲಿ ಒಂದು ಕುಡುಗೋಲು ಮಾಡಿ ಆಮೇಲೆ ಸಂತೆಯಲ್ಲಿ ಮಾರಿದೆ. ಚೆನ್ನಾಗಿಯೇ ಕೊಯ್ಯಿತಂತೆ.

ಸಂಜೆ ಗಂಡ ಬಂದರು. ಸಾಹುಕಾರರು, ನೀವು, ಓಣಿಯ ಜನ ಎಲ್ಲ ಸೇರಿದ್ದರು. ನೀವು "ಕೊಂಡಿ ಯಾಕೋ ಬಾಳ ಬಿರುಸಿತ್ತು ಅನಸ್ತೈತ್ರಿ" ಅಂದಿರಿ. ಸಾಹುಕಾರರು ಉರಿದುಬಿದ್ದರು: "ಕುಣಿಯಾಕ ಬರದೋರು ನೆಲ ಡೊಂಕು ಅಂದ್ರಂತೆ!" ಗಂಡ ಹರಿದ ಕೊಂಡಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಒಮ್ಮೆ ನನ್ನತ್ತ ನೋಡಿದರು. ಆಮೇಲೆ ಹೇಳಿದರು: "ಇದು ನನ್ನ ಕಬ್ಬಿಣ. ಸುಮ್ಮನೆ ಮುರಿಯಾದಲ್ಲ. ಹಿಂಗ ಹರೀಬೇಕಾದ್ರೆ ಜೀಪು ಝಟ್ ಅಂತ ಜಗ್ಗಿರಬೇಕು." ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ಸಾಯುವವರೆಗೂ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಆ ಬರೆಯನ್ನು ಕಾಯಿಸಿಕೊಟ್ಟವಳು ನಾನು. ಸಾಹುಕಾರರು ನಿಮ್ಮನ್ನು ಅಲ್ಲೇ ಕೆಲಸದಿಂದ ಬಿಡಿಸಿದರು. ಅಜ್ಜಿ ಉಳವಿ ಕಾಣದೆಯೇ ಕಣ್ಣು ಮುಚ್ಚಿದರು. ದಾವಣಗೆರೆಯಲ್ಲಿ ಆಮೇಲೆ ಯಾರೂ ನಿಮ್ಮ ಕೈಗೆ ಸ್ಟೇರಿಂಗ್ ಕೊಡಲಿಲ್ಲ. 'ಕೊಂಡಿ ಹರಿದ ಹಾಲಪ್ಪ' ಎಂದು ಹೆಸರಿಟ್ಟರು. ನೀವು ಬಟ್ಟೆಗಿರಣಿಯ ಗೇಟಿನಲ್ಲಿ ನಿಂತು ಬೇರೆಯವರ ಲಾರಿಗೆ ಬಾಗಿಲು ತೆಗೆಯುವ ಕೆಲಸಕ್ಕೆ ಸೇರಿದಿರಿ.

ನಾನೇಕೆ ಹೇಳಲಿಲ್ಲ? ಹೇಳಿದ್ದರೆ ನನ್ನ ಕೈಯಿಂದ ಇಕ್ಕಳ ಕಸಿದುಕೊಳ್ಳುತ್ತಿದ್ದರು. ಬದುಕಿರುವವರೆಗೆ ಬೆಂಕಿಯ ಹತ್ತಿರ ಬಿಡುತ್ತಿರಲಿಲ್ಲ. ನನ್ನ ಕೆಲಸ ಉಳಿಸಿಕೊಳ್ಳಲು ನಿಮ್ಮ ಕೆಲಸ ಕೊಟ್ಟುಬಿಟ್ಟೆ. ಇಷ್ಟೇ ಸಂಗತಿ, ಇದಕ್ಕೆ ಬಣ್ಣ ಬಳಿಯಲಾರೆ. ಗಂಡ ಹೋಗಿ ಎರಡು ವರ್ಷವಾಯಿತು. ಈಗ ಕುಲುಮೆ ನಾನೇ ನಡೆಸುತ್ತೇನೆ, ಹಗಲಲ್ಲೇ, ಬಾಗಿಲು ತೆರೆದಿಟ್ಟು. ಆಡಿಕೊಳ್ಳುವವರು ಆಡಿಕೊಳ್ಳಲಿ, ಅವರ ಕುಡುಗೋಲೂ ನನ್ನ ಹತ್ತಿರವೇ ಹದಕ್ಕೆ ಬರುತ್ತದೆ. ಇದನ್ನು ಬಿಡುವುದಿಲ್ಲ.

ಆದರೆ ಹೋದ ತಿಂಗಳು ಗಿರಣಿಗೆ ಬೋಲ್ಟುಗಳನ್ನು ಕೊಡಲು ಬಂದೆನಲ್ಲ. ಗೇಟಿನಲ್ಲಿ ನೀವು ನನ್ನ ಗುರುತು ಹಿಡಿದಿರಿ. ಸ್ಟೂಲು ಕೊಟ್ಟು "ಕೂಡವ್ವ" ಅಂದಿರಿ. ನೀರು ತಂದುಕೊಟ್ಟಿರಿ. ಆಮೇಲೆ ಕೈ ಮುಗಿದಿರಿ, ನನಗೆ!

"ತಂಗಿ, ಆಚಾರ್ರು ಇದ್ದಾಗ ಕೇಳಾಕೆ ಧೈರ್ಯ ಸಾಲಲಿಲ್ಲ. ಅಂಥ ಮನುಷ್ಯರ ಕೆಲಸಕ್ಕೆ ನನ್ನಿಂದ ಕೆಟ್ಟ ಹೆಸರು ಬಂತು. ನನ್ನ ಕಾಲು ಕ್ಲಚ್ ಮ್ಯಾಲಿಂದ ಜಾರಿತ್ತೇನೋ ಅವತ್ತು... ಎಷ್ಟು ಸಲ ನೆನಸಿಕೊಂಡ್ರೂ ಜಾರಿದ್ದು ನೆನಪಾಗವಲ್ದು. ಆದ್ರೂ ಜಾರಿರಬೇಕು. ಅವರ ಪರವಾಗಿ ನೀನಾರ ನನ್ನ ಕ್ಷಮಿಸಿಬಿಡವ್ವ."

ನಾನು ರಸೀದಿ ತೆಗೆದುಕೊಂಡು ಎದ್ದು ಬಂದೆ. ಒಂದು ಮಾತು ಆಡಲಿಲ್ಲ. ಹತ್ತು ವರ್ಷದ ಹಿಂದಿನ ತಪ್ಪಿಗೆ ವಯಸ್ಸು, ಹೆದರಿಕೆ ಏನಾದರೂ ಹೆಸರು ಹೇಳಬಹುದು. ಈ ಮೌನಕ್ಕೆ ಯಾವ ಹೆಸರೂ ಇಲ್ಲ. ನಿಮ್ಮ ಕೆಲಸ ಕಸಿದೆ ಎಂದಷ್ಟೇ ತಿಳಿದಿದ್ದೆ. ನಿಮ್ಮ ಕಾಲಿನ ಮೇಲೆ ನಿಮಗಿದ್ದ ನಂಬಿಕೆಯನ್ನೂ ತಿಂದುಬಿಟ್ಟಿದ್ದೇನೆ ಎಂದು ಆವತ್ತು ತಿಳಿಯಿತು.

ಹಾಲಪ್ಪಣ್ಣ, ನಿಮ್ಮ ಕಾಲು ಜಾರಲಿಲ್ಲ. ನಾನು ಹತ್ತು ಮಾರು ಹಿಂದೆ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಜೀಪು ಒಂಚೂರೂ ಜಗ್ಗಲಿಲ್ಲ. ಮಲಗಿದ ಕೂಸಿನ ಕೆಳಗಿನ ಚಾಪೆ ಎಳೆಯುವ ಹಾಗೆ ಎಳೆದಿರಿ. ಅಂಥ ಕೈಗೆ, ಅಂಥ ಕಾಲಿಗೆ ಸರಿಯಾದ ಕೊಂಡಿ ಸಿಕ್ಕಿದ್ದರೆ ಅಜ್ಜಿ ಉಳವಿ ನೋಡುತ್ತಿದ್ದರು.

ನಾಳೆ ಗಿರಣಿಯ ಪಾಳಿ ಬದಲಾಗುವ ಹೊತ್ತಿಗೆ ಗೇಟಿಗೆ ಬರುತ್ತೇನೆ. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲ ಇರುತ್ತಾರೆ. ಅವರ ಮುಂದೆ ಇದನ್ನು ಕೊನೆಯ ಅಕ್ಷರದವರೆಗೂ ಗಟ್ಟಿಯಾಗಿ ಓದುತ್ತೇನೆ. ಬಯ್ಯುವವರು ಬಯ್ಯಲಿ, ಉಗುಳುವವರು ಉಗುಳಲಿ, ನಾನು ನಿಂತಿರುತ್ತೇನೆ. ಅಲ್ಲಿಂದ ಮಂಡಿಪೇಟೆಗೆ ಹೋಗಿ ಸಾಹುಕಾರರ ಅಂಗಡಿಯ ಮುಂದೆಯೂ ಓದುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ಅದು ನನಗೆ ಗೊತ್ತು.